ಕುದುರೆಯ ಮೇಲೆ ಎಲ್ಕ್ ಬೇಟೆಗೆ ಹೊರಡುವವರಿಗೆ ರೈಫಲ್ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ, ವಯೋಮಿಂಗ್, ಮೊಂಟಾನಾ, ಐಡಹೊ ಅಥವಾ ಕೊಲೊರಾಡೊ ರಾಜ್ಯದ ಪರ್ವತಗಳಿಗೆ ಮೊದಲ ಬಾರಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಡುವ ಯೋಚನೆಯಲ್ಲಿರುವ ಕನ್ನಡಿಗರಿಗಾಗಿ ಈ ಪುಟವನ್ನು ಬರೆಯಲಾಗಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಮೇಲೆ ಹೇಳಿದ ರಾಜ್ಯಗಳಲ್ಲಿ ಅದು ಪರವಾನಗಿ, ಋತು ಮತ್ತು ಪ್ರಾಣಿಗಳ ಸಂಖ್ಯೆಯ ಮಿತಿಗೆ ಒಳಪಟ್ಟು ರಾಜ್ಯ ಸರ್ಕಾರದ ಇಲಾಖೆಗಳ ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ. ಬೇಟೆ ಸರಿಯೋ ತಪ್ಪೋ ಎಂಬ ಚರ್ಚೆಗೆ ಇಲ್ಲಿ ಎಡೆ ಕೊಟ್ಟಿಲ್ಲ. ಹೋಗುವುದೆಂದು ತೀರ್ಮಾನಿಸಿದವರು ಎಂಥ ರೈಫಲ್ ಒಯ್ಯಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ನಡೆದುಕೊಂಡು ಹೋಗುವ ಬೇಟೆಯ ರೈಫಲ್ಲಿಗೂ ಕುದುರೆಯ ಮೇಲೆ ಒಯ್ಯುವ ರೈಫಲ್ಲಿಗೂ ವ್ಯತ್ಯಾಸವಿದೆಯೇ?

ಇದೆ, ಮತ್ತು ಅದು ಅಂಗಡಿಯಲ್ಲಿ ನಿಂತು ನೋಡುವಾಗ ಕಣ್ಣಿಗೆ ಬೀಳುವಂಥದ್ದಲ್ಲ. ಕುದುರೆಯ ಮೇಲಿನ ಪ್ರವಾಸದಲ್ಲಿ ರೈಫಲ್ಲು ಬೇಟೆಗಾರನ ಕೈಯಲ್ಲಿರುವುದು ಬಹಳ ಕಡಿಮೆ ಹೊತ್ತು. ಮಿಕ್ಕ ಸಮಯವೆಲ್ಲ ಅದು ಜೀನಿಗೆ ಕಟ್ಟಿದ ಒರೆಯೊಳಗೆ, ಸವಾರನ ಮೊಣಕಾಲಿಗೂ ಕುದುರೆಯ ಪಕ್ಕೆಗೂ ನಡುವೆ, ಪ್ರತಿ ಹೆಜ್ಜೆಗೂ ಕುಲುಕುತ್ತಾ, ಪೈನ್ ಮರಗಳ ಕೊಂಬೆಗೆ ತಾಗುತ್ತಾ, ಕುದುರೆಯ ಬೆವರು, ಧೂಳು, ಮಳೆ ಮತ್ತು ಹಿಮವನ್ನು ಉಣ್ಣುತ್ತಾ ಇರುತ್ತದೆ. ಆದ್ದರಿಂದ ಗುಂಡಿನ ವೇಗ, ಶಕ್ತಿಗಳ ಕೋಷ್ಟಕಗಳನ್ನು ಓದುವುದಕ್ಕೆ ಕೊಡುವ ಗಮನದ ಅರ್ಧದಷ್ಟನ್ನಾದರೂ ಈ ರೈಫಲ್ಲು ಒರೆಯಲ್ಲಿ ಹೇಗೆ ಕೂರುತ್ತದೆ, ಒರೆಯಿಂದ ಹೇಗೆ ಹೊರಬರುತ್ತದೆ, ಅಲ್ಲಿರುವಾಗ ಅದರ ಯಾವ ಭಾಗ ಕೆಡಬಹುದು ಎಂಬ ಪ್ರಶ್ನೆಗಳಿಗೆ ಕೊಡಬೇಕು. ಗುಂಡಿನ ಅಳತೆಯ ಜಗಳ ಬಹುಮಟ್ಟಿಗೆ ಮುಗಿದುಹೋದ ಜಗಳ. ಕೆಲಸಕ್ಕೆ ಬರುವ ಅಳತೆಗಳು ಹತ್ತಾರಿವೆ, ಒರೆಗೆ ಹೊಂದುವ ರೈಫಲ್ಲುಗಳು ಮಾತ್ರ ಅಷ್ಟಿಲ್ಲ.

ಕುದುರೆಯೇ ಏಕೆ ಬೇಕು? ವಾಹನದಲ್ಲಿ ಹೋಗಲಾಗದೇ?

1964ರ ವಿಲ್ಡರ್‌ನೆಸ್ ಕಾಯ್ದೆಯ ಅಡಿಯಲ್ಲಿ ಕಾಯ್ದಿರಿಸಿದ ಕಾಡುಗಳಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಮೊಂಟಾನಾದ ಬಾಬ್ ಮಾರ್ಷಲ್, ಯೆಲ್ಲೊಸ್ಟೋನ್ ಉದ್ಯಾನದ ದಕ್ಷಿಣಕ್ಕಿರುವ ವಯೋಮಿಂಗಿನ ಟೀಟನ್, ಐಡಹೊ ಮತ್ತು ಮೊಂಟಾನಾಗಳ ನಡುವೆ ಹರಡಿರುವ ಸೆಲ್ವೇ-ಬಿಟರ್‌ರೂಟ್, ಕೊಲೊರಾಡೊದ ಫ್ಲ್ಯಾಟ್ ಟಾಪ್ಸ್ ಇವೆಲ್ಲ ಅಂಥ ಕಾಡುಗಳು. ರಸ್ತೆ ಮುಗಿಯುವಲ್ಲಿಂದ ಬಿಡಾರಕ್ಕೆ ಇಡೀ ದಿನದ ಸವಾರಿಯಾಗುವುದು ಅಪರೂಪವಲ್ಲ. ಗಂಡು ಎಲ್ಕ್ ಸುಮಾರು 300 ಕಿಲೋ, ಹೆಣ್ಣು ಸುಮಾರು 225 ಕಿಲೋ ತೂಗುವುದರಿಂದ ಮಾಂಸವನ್ನು ಹೊತ್ತು ತರುವುದಕ್ಕೂ ಕುದುರೆ ಅಥವಾ ಹೇಸರಗತ್ತೆಗಳೇ ಬೇಕು. ವಯೋಮಿಂಗಿನಲ್ಲಿ ಹೊರರಾಜ್ಯದವರು ವಿಲ್ಡರ್‌ನೆಸ್ ಪ್ರದೇಶದೊಳಗೆ ದೊಡ್ಡ ಪ್ರಾಣಿಗಳ ಬೇಟೆಯಾಡಬೇಕಾದರೆ ಪರವಾನಗಿ ಪಡೆದ ಮಾರ್ಗದರ್ಶಿ ಅಥವಾ ಅದಕ್ಕಾಗಿ ಅನುಮತಿ ಪಡೆದ ಸ್ಥಳೀಯ ನಿವಾಸಿ ಜೊತೆಗಿರಲೇಬೇಕೆಂಬ ನಿಯಮವೂ ಇದೆ. ಹಾಗಾಗಿ ಕುದುರೆ ಬಹುತೇಕ ಆ ಮಾರ್ಗದರ್ಶಿಯದೇ ಆಗಿರುತ್ತದೆ. ಆ ಕುದುರೆಯ ಸ್ವಭಾವ ನಿಮಗೆ ಗೊತ್ತಿರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಯಾವ ಅಳತೆಯ ತೋಟಾ ಒಳ್ಳೆಯದು?

ಇದರ ಬಗ್ಗೆ ಅಮೆರಿಕದ ಬೇಟೆಗಾರರು ಒಂದು ಶತಮಾನದಿಂದ ವಾದಿಸುತ್ತಲೇ ಇದ್ದಾರೆ. ಐಡಹೊ ರಾಜ್ಯದಲ್ಲೇ ನೆಲೆಸಿದ್ದ ಇಬ್ಬರು ಪ್ರಸಿದ್ಧ ಅಂಕಣಕಾರರು ಈ ವಾದದ ಎರಡು ತುದಿಗಳಾಗಿದ್ದರು. ಲೂಯಿಸ್ಟನ್ ಊರಿನ ಜ್ಯಾಕ್ ಓಕಾನರ್ ಹಗುರವಾದ, ವೇಗದ ಗುಂಡನ್ನು ಹಾರಿಸುವ .270 ವಿನ್ಚೆಸ್ಟರನ್ನು (ಹೆಸರಿನ ಮೊದಲ ಸಂಖ್ಯೆ ಗುಂಡಿನ ವ್ಯಾಸವನ್ನು ಅಂಗುಲದಲ್ಲಿ ಸುಮಾರಾಗಿ ಸೂಚಿಸುತ್ತದೆ) ಎತ್ತಿ ಹಿಡಿದರೆ, ಸ್ಯಾಮನ್ ಊರಿನ ಎಲ್ಮರ್ ಕೀತ್ ದಪ್ಪನೆಯ, ಭಾರವಾದ ಗುಂಡಿಲ್ಲದೆ ಎಲ್ಕಿನ ಮುಂದೆ ಹೋಗಬಾರದೆಂದು ಹೇಳುತ್ತಿದ್ದರು. ಇಬ್ಬರೂ ಎಲ್ಕುಗಳನ್ನು ಹೊಡೆದವರೇ. ಎದೆಗೂಡಿಗೆ ಸರಿಯಾಗಿ ಇಳಿದ ಗುಂಡಿನ ಮುಂದೆ ಅವರಿಬ್ಬರ ವಾದದ ಅಂತರ ಬಹಳ ಚಿಕ್ಕದಾಗುತ್ತದೆ.

ಮೊದಲ ಬಾರಿ ಹೋಗುವವರಿಗೆ ನಮ್ಮ ಸಲಹೆ .30-06 ಸ್ಪ್ರಿಂಗ್‌ಫೀಲ್ಡ್ ಅಥವಾ .308 ವಿನ್ಚೆಸ್ಟರ್. ಮೊದಲನೆಯದು 1906ರಲ್ಲಿ ಅಮೆರಿಕದ ಸೇನೆಗೆ ಬಂದದ್ದು, ಎರಡನೆಯದು 1952ರಲ್ಲಿ ಮಾರುಕಟ್ಟೆಗೆ ಬಂದದ್ದು. ಪರ್ವತದ ತಪ್ಪಲಿನ ಯಾವ ಚಿಕ್ಕ ಊರಿನ ಅಂಗಡಿಯಲ್ಲಾದರೂ ಇವುಗಳ ತೋಟಾ ಸಿಗುವ ಸಂಭವ ಹೆಚ್ಚು. ವಿಮಾನದಲ್ಲಿ ಪೆಟ್ಟಿಗೆ ಕಳೆದುಹೋದಾಗ ಇದರ ಬೆಲೆ ತಿಳಿಯುತ್ತದೆ. .270 ವಿನ್ಚೆಸ್ಟರ್, .280 ರೆಮಿಂಗ್ಟನ್, 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಮ್ ಇವೂ ಸಾಕಷ್ಟಾಯಿತು. .300 ವಿನ್ಚೆಸ್ಟರ್ ಮ್ಯಾಗ್ನಮ್ ಇನ್ನೂ ಬಲಶಾಲಿ. ಆದರೆ ಅದರ ಒದೆತ, ಅಂದರೆ ಗುಂಡು ಹಾರಿದಾಗ ಭುಜಕ್ಕೆ ಬೀಳುವ ಹಿಂದೊತ್ತು, .30-06ಕ್ಕಿಂತ ಗಣನೀಯವಾಗಿ ಹೆಚ್ಚು, ನಳಿಗೆಯೂ ಸಾಮಾನ್ಯವಾಗಿ ಉದ್ದ. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುವವನ ಕೈಯಲ್ಲಿ ಆ ಹೆಚ್ಚಿನ ಬಲದಿಂದ ಗಾಯಗೊಂಡ ಪ್ರಾಣಿ ಮಾತ್ರ ಸಿಗುತ್ತದೆ.

ಕನಿಷ್ಠ ಮಿತಿಗಳ ಬಗ್ಗೆ ರಾಜ್ಯಗಳ ನಿಯಮ ಒಂದೇ ರೀತಿ ಇಲ್ಲ. ಕೊಲೊರಾಡೊದಲ್ಲಿ ನಳಿಗೆಯ ವ್ಯಾಸ .24 ಅಂಗುಲಕ್ಕಿಂತ ಕಡಿಮೆ ಇರಬಾರದು, ಎಲ್ಕ್ ಬೇಟೆಗೆ ಗುಂಡು ಕನಿಷ್ಠ 85 ಗ್ರೇನ್ (ಸುಮಾರು 5.5 ಗ್ರಾಂ) ತೂಗಬೇಕು, 100 ಗಜ ದೂರದಲ್ಲಿ ಅದರಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಮೊಂಟಾನಾದಲ್ಲಿ ರೈಫಲ್ಲಿಗೆ ಅಂಥ ಅಳತೆಯ ಮಿತಿಯಿಲ್ಲ. ಕಾನೂನು ಒಪ್ಪುವ ಕನಿಷ್ಠವನ್ನು ಸಲಹೆಯೆಂದು ಓದಿಕೊಳ್ಳಬಾರದು.

ಗುಂಡಿನ ಬಗೆ ಅಷ್ಟು ಮುಖ್ಯವೇ?

ಅಳತೆಗಿಂತಲೂ ಮುಖ್ಯ ಎನ್ನಬಹುದು. ಎಲ್ಕಿನ ಭುಜದ ಮೂಳೆ ದಪ್ಪ, ಮೈ ಅಗಲ. ಸಾಧಾರಣ ಜಿಂಕೆಗೆಂದು ತಯಾರಿಸಿದ ಮೆದು ಗುಂಡು ಮೂಳೆಗೆ ಬಡಿದು ಒಡೆದುಹೋದರೆ ಶ್ವಾಸಕೋಶದ ತನಕ ಮುಟ್ಟುವುದಿಲ್ಲ. ಜಾನ್ ನಾಸ್ಲರ್ 1940ರ ದಶಕದಲ್ಲಿ ರೂಪಿಸಿದ ಪಾರ್ಟಿಷನ್ ಗುಂಡು ಈ ಸಮಸ್ಯೆಗೆ ಕಂಡುಕೊಂಡ ಉತ್ತರ. ಅದರ ನಡುವೆ ತಾಮ್ರಲೋಹದ ಒಂದು ಗೋಡೆಯಿದ್ದು, ಮುಂದಿನ ಸೀಸ ಅರಳಿ ಸವೆದರೂ ಹಿಂದಿನ ಭಾಗ ಒಟ್ಟಾಗಿ ಉಳಿದು ಮುಂದೆ ನುಗ್ಗುತ್ತದೆ. ಕವಚಕ್ಕೆ ಸೀಸವನ್ನು ಬೆಸೆದ ಗುಂಡುಗಳೂ ಪೂರ್ತಿ ತಾಮ್ರದ ಗುಂಡುಗಳೂ ಈಗ ಧಾರಾಳವಾಗಿ ಸಿಗುತ್ತವೆ. .30-06ರಲ್ಲಿ 165ರಿಂದ 180 ಗ್ರೇನ್, .270ರಲ್ಲಿ 130ರಿಂದ 150 ಗ್ರೇನ್ ತೂಕದವು ವಾಡಿಕೆಯಲ್ಲಿವೆ. ನಿಮ್ಮ ರೈಫಲ್ಲಿನಲ್ಲಿ ಯಾವುದು ಒಂದೇ ಕಡೆ ಒಟ್ಟಾಗಿ ಬೀಳುತ್ತದೆಯೋ ಅದನ್ನು ಆರಿಸಿಕೊಂಡು, ಪ್ರವಾಸಕ್ಕೂ ಅದನ್ನೇ ಒಯ್ಯಬೇಕು.

ಹಳೆಯ ಚಿತ್ರಗಳಲ್ಲಿ ಕೌಬಾಯ್‌ಗಳು ಒಯ್ಯುವ ಲಿವರ್ ರೈಫಲ್ಲು ಇದಕ್ಕೆ ಸೂಕ್ತವಲ್ಲವೇ?

ಟ್ರಿಗರಿನ ಸುತ್ತಲಿನ ಸನ್ನೆಯನ್ನು ಕೆಳಗೆ ಮೇಲೆ ಆಡಿಸಿ ಮುಂದಿನ ತೋಟಾ ಏರಿಸುವ ಈ ರೈಫಲ್ಲನ್ನು ಆಕಾರದಲ್ಲಿ ಮೀರಿಸಿದ್ದು ಇನ್ನೂ ಬಂದಿಲ್ಲ. ಜಾನ್ ಬ್ರೌನಿಂಗ್ ರೂಪಿಸಿದ ವಿನ್ಚೆಸ್ಟರ್ 1894ರ ಕಾರ್ಬೈನ್ ಸುಮಾರು 97 ಸೆಂಟಿಮೀಟರ್ ಉದ್ದ, ಸುಮಾರು 3 ಕಿಲೋ ತೂಕ. ಪಕ್ಕೆಗಳು ಚಪ್ಪಟೆ, ಹೊರಗೆ ಚಾಚಿದ ಬೋಲ್ಟ್ (ತೋಟಾ ಏರಿಸಲು ಹಿಂದೆ ಮುಂದೆ ಸರಿಸುವ ಉಕ್ಕಿನ ದಂಡ) ಹಿಡಿಕೆಯಿಲ್ಲ. ಒರೆಯೊಳಗೆ ಅದು ಹಲಗೆಯಂತೆ ಕೂರುತ್ತದೆ. ತೊಡಕಿರುವುದು ತೋಟಾದಲ್ಲಿ. ಅದರ .30-30 ಗುಂಡು ನಿಧಾನ. ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುವುದರಿಂದ, ಹಿಂದಿನ ಗುಂಡಿನ ಮೊನೆ ಮುಂದಿನ ತೋಟಾದ ಕೇಪಿಗೆ ತಾಗಿ ಸಿಡಿಯದಿರಲೆಂದು ಮೊಂಡು ಮೂತಿಯ ಗುಂಡನ್ನು ಬಳಸಬೇಕಾಗಿತ್ತು. ಮೊಂಡು ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಮೆದು ಮೊನೆಯ ಹೊಸ ಗುಂಡುಗಳಿಂದ ಸ್ವಲ್ಪ ಸುಧಾರಣೆಯಾಗಿದೆ. ಆದರೂ ಎಲ್ಕಿನ ಮೇಲೆ ಇದನ್ನು 150 ಮೀಟರಿನೊಳಗಿನ ಆಯುಧವೆಂದೇ ಪರಿಗಣಿಸಬೇಕು. ದಟ್ಟ ಮರಗಳ ನಡುವೆ ಅಷ್ಟು ಸಾಕು, ಬೋಳು ಇಳಿಜಾರಿನಲ್ಲಿ ಸಾಲದು.

ಇದಕ್ಕೆ ಎರಡು ಒಳ್ಳೆಯ ಪರಿಹಾರಗಳಿವೆ. ಮೊದಲನೆಯದು 1899ರಿಂದ ಸುಮಾರು ಒಂದು ಶತಮಾನ ಕಾಲ ತಯಾರಾದ ಸ್ಯಾವೇಜ್ 99. ಇದರಲ್ಲಿ ತೋಟಾಗಳು ಸುತ್ತುವ ಮ್ಯಾಗಜಿನ್ನಿನಲ್ಲಿ (ತೋಟಾ ತುಂಬುವ ಗೂಡಿನಲ್ಲಿ) ಕೂರುವುದರಿಂದ ಚೂಪು ಗುಂಡನ್ನು ಬಳಸಬಹುದು, ಹೊರಗೆ ಕಾಣುವ ಸುತ್ತಿಗೆ ಇಲ್ಲದ್ದರಿಂದ ಒರೆಗೆ ಸಿಕ್ಕಿಕೊಳ್ಳುವಂಥದ್ದೂ ಏನಿಲ್ಲ. .300 ಸ್ಯಾವೇಜ್ ಅಥವಾ .308 ಅಳತೆಯಲ್ಲಿ ಹಳೆಯದೊಂದು ಸುಸ್ಥಿತಿಯಲ್ಲಿ ಸಿಕ್ಕರೆ, ನಮ್ಮ ದೃಷ್ಟಿಯಲ್ಲಿ ಜೀನಿಗೆ ಕಟ್ಟಲು ಅದಕ್ಕಿಂತ ಚೆಂದದ ರೈಫಲ್ಲಿಲ್ಲ. ಇದು ಪಕ್ಷಪಾತವೆಂದು ಓದುಗರು ಭಾವಿಸಿದರೂ ಅಡ್ಡಿಯಿಲ್ಲ. ಎರಡನೆಯದು ಬ್ರೌನಿಂಗ್ ಬಿಎಲ್ಆರ್. ಇದು ಪೆಟ್ಟಿಗೆ ಮ್ಯಾಗಜಿನ್ನಿನ ಲಿವರ್ ರೈಫಲ್ಲು, .308 ಮತ್ತು .30-06ರಲ್ಲಷ್ಟೇ ಅಲ್ಲದೆ ಮ್ಯಾಗ್ನಮ್ ಅಳತೆಗಳಲ್ಲೂ ಬಂದಿದೆ.

ಬೋಲ್ಟ್ ರೈಫಲ್ಲನ್ನೇ ಕೊಳ್ಳುವುದಾದರೆ ಏನನ್ನು ಗಮನಿಸಬೇಕು?

ಬಹುಪಾಲು ಜನ ಕೊಳ್ಳುವುದು ಅದನ್ನೇ, ಅದರಲ್ಲಿ ತಪ್ಪೇನಿಲ್ಲ. ಮೊದಲು ಸೇಫ್ಟಿಯನ್ನು, ಅಂದರೆ ತಿಳಿಯದೆ ಗುಂಡು ಹಾರದಂತೆ ಮಾಡುವ ತಡೆಯನ್ನು, ನೋಡಬೇಕು. ಒರೆಯೊಳಗೆ ಉಜ್ಜಾಡುವಾಗ ಬೋಲ್ಟಿನ ಹಿಡಿಕೆ ಮೇಲೆದ್ದು ಬೋಲ್ಟ್ ಅರ್ಧ ತೆರೆದುಕೊಳ್ಳುವುದುಂಟು. ಆಗ ಕಸಕಡ್ಡಿ ಒಳಗೆ ಸೇರುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಅದನ್ನು ಗಮನಿಸಿದ ಸವಾರ ಬೋಲ್ಟನ್ನು ಹಿಂದೆ ಎಳೆದು ಮುಂದೆ ತಳ್ಳಿದರೆ ಖಾಲಿಯೆಂದುಕೊಂಡಿದ್ದ ಚೇಂಬರಿಗೆ (ಹಾರಲು ಸಿದ್ಧವಾದ ತೋಟಾ ಕೂರುವ, ನಳಿಗೆಯ ಹಿಂತುದಿಯ ಗೂಡಿಗೆ) ತೋಟಾ ಏರಿಬಿಡುತ್ತದೆ. ವಿನ್ಚೆಸ್ಟರ್ 70, ರೂಗರ್ ಹಾಕ್‌ಐ ಮುಂತಾದವುಗಳಲ್ಲಿ ಮೂರು ಹಂತದ ಸೇಫ್ಟಿ ಇರುತ್ತದೆ. ಕೊನೆಯ ಹಂತದಲ್ಲಿ ಬೋಲ್ಟಿಗೆ ಬೀಗ ಬೀಳುತ್ತದೆ, ನಡುವಿನ ಹಂತದಲ್ಲಿ ಸೇಫ್ಟಿ ಇರುವಾಗಲೇ ಬೋಲ್ಟನ್ನು ತೆರೆದು ತೋಟಾ ತೆಗೆಯಬಹುದು. ಟಿಕ್ಕಾದ ಎರಡು ಹಂತದ ಸೇಫ್ಟಿಯೂ ಬೋಲ್ಟನ್ನು ಹಿಡಿದಿಡುತ್ತದೆ. 1982ರ ನಂತರ ತಯಾರಾದ ರೆಮಿಂಗ್ಟನ್ 700 ರೈಫಲ್ಲುಗಳಲ್ಲಿ ಸಾಮಾನ್ಯವಾಗಿ ಸೇಫ್ಟಿ ಹಾಕಿದರೂ ಬೋಲ್ಟ್ ತೆರೆದುಕೊಳ್ಳುತ್ತದೆ. ಒಳ್ಳೆಯ ರೈಫಲ್ಲೇ ಆದರೂ ಒರೆಯ ಮಟ್ಟಿಗೆ ಇದೊಂದು ಕೊರತೆ.

ಎರಡನೆಯದು ಮ್ಯಾಗಜಿನ್. ಕಳಚಿ ತೆಗೆಯುವ ಮ್ಯಾಗಜಿನ್ನಿನ ಗುಂಡಿ ಹೊರಗೆ ಉಬ್ಬಿಕೊಂಡಿದ್ದರೆ ಒರೆಯ ಚರ್ಮ ಅದನ್ನು ಒತ್ತಿ ಮ್ಯಾಗಜಿನ್ ಸಡಿಲವಾಗಬಹುದು, ರೈಫಲ್ಲನ್ನು ಎಳೆದುಕೊಳ್ಳುವಾಗ ಅದು ಹುಲ್ಲಿನಲ್ಲಿ ಬಿದ್ದು ಕಾಣೆಯಾಗಬಹುದು. ಕೆಳಗಿನಿಂದ ತೆರೆಯುವ ಮುಚ್ಚಳದ ಅಥವಾ ಮೇಲಿನಿಂದಷ್ಟೇ ತುಂಬುವ ಮ್ಯಾಗಜಿನ್ನಿಗೆ ಈ ಭಯ ಕಡಿಮೆ. ಕಳಚುವ ಬಗೆಯದೇ ಇದ್ದರೆ ಇನ್ನೊಂದನ್ನು ಅಂಗಿಯ ಜೇಬಿನಲ್ಲಿಟ್ಟಿರಬೇಕು. ಜೀನಿನ ಚೀಲದಲ್ಲಿಟ್ಟರೆ ಕುದುರೆ ಓಡಿಹೋದಾಗ ಅದೂ ಹೋಗುತ್ತದೆ.

ನಳಿಗೆಯ ಉದ್ದ, ತೂಕ ಎಷ್ಟಿರಬೇಕು?

ನಳಿಗೆ 20ರಿಂದ 22 ಅಂಗುಲ, ರೈಫಲ್ಲಿನ ಒಟ್ಟು ಉದ್ದ 107 ಸೆಂಟಿಮೀಟರಿನ ಆಸುಪಾಸು, ಗುರಿ ನೋಡಲು ಮೇಲೆ ಕೂರಿಸುವ ದುರ್ಬೀನು (ಸ್ಕೋಪ್) ಸೇರಿ ತೂಕ ಮೂರೂವರೆಯಿಂದ ನಾಲ್ಕು ಕಿಲೋ ಇದ್ದರೆ ಹಿತ. ಕುದುರೆ ಹೊರುತ್ತದಲ್ಲ, ತೂಕವೇನು ಲೆಕ್ಕ ಎಂದು ಹಲವರು ಕೇಳುತ್ತಾರೆ. ಕುದುರೆ ತನ್ನ ತೂಕದ ಐದನೇ ಒಂದು ಭಾಗದಷ್ಟನ್ನು ಹೊರಬಹುದೆಂಬುದು ವಾಡಿಕೆಯ ಲೆಕ್ಕ. ಅಂದರೆ 450 ಕಿಲೋ ತೂಗುವ ಕುದುರೆಗೆ ಸವಾರ, ಜೀನು, ಸಾಮಾನು ಎಲ್ಲ ಸೇರಿ 90 ಕಿಲೋ. ಜೀನೊಂದೇ ಹದಿನೈದು ಕಿಲೋ ಮೀರುವುದುಂಟು. ಅದಕ್ಕಿಂತಲೂ ಮುಖ್ಯವಾಗಿ ರೈಫಲ್ಲಿನ ತೂಕ ಒಂದೇ ಪಕ್ಕದಲ್ಲಿ ಬೀಳುತ್ತದೆ. ಜೀನು ಆ ಕಡೆಗೆ ಜಾರುತ್ತಾ ಹೋದರೆ ಸಂಜೆಯ ಹೊತ್ತಿಗೆ ಕುದುರೆಯ ಬೆನ್ನು ಹುಣ್ಣಾಗುತ್ತದೆ. ನೀರಿನ ಬಾಟಲಿ, ಊಟದ ಬುತ್ತಿ ಮೊದಲಾದವನ್ನು ಇನ್ನೊಂದು ಪಕ್ಕದ ಚೀಲದಲ್ಲಿಟ್ಟು ಸರಿದೂಗಿಸಬೇಕು.

ಒರೆಯನ್ನು ಕುದುರೆಯ ಯಾವ ಪಕ್ಕಕ್ಕೆ, ಹೇಗೆ ಕಟ್ಟಬೇಕು?

ಇದಕ್ಕೆ ಒಬ್ಬೊಬ್ಬ ಮಾರ್ಗದರ್ಶಿ ಒಂದೊಂದು ಉತ್ತರ ಕೊಡುತ್ತಾನೆ, ಮತ್ತು ಅವನ ಕುದುರೆಯ ಮೇಲೆ ಅವನ ಮಾತೇ ನಡೆಯಬೇಕು. ಆದರೂ ಪ್ರತಿ ಕ್ರಮದ ಹಿಂದಿನ ಕಾರಣ ತಿಳಿದಿದ್ದರೆ ಒಳ್ಳೆಯದು.

ಹಿಡಿಯ ಬುಡ (ಭುಜಕ್ಕೆ ಆನಿಸುವ ತುದಿ) ಮುಂದಕ್ಕೂ ಮೇಲಕ್ಕೂ, ನಳಿಗೆಯ ಬಾಯಿ ಹಿಂದಕ್ಕೂ ಕೆಳಕ್ಕೂ ಬರುವಂತೆ, ರಿಕಾಪಿನ ಪಟ್ಟಿಯ ಕೆಳಗೆ ಓರೆಯಾಗಿ ಕಟ್ಟುವುದು ಹೆಚ್ಚು ಪ್ರಚಲಿತ. ಹೀಗಿದ್ದಾಗ ಕುದುರೆ ಏರು ಹತ್ತುವಾಗ ರೈಫಲ್ಲು ಒರೆಯೊಳಕ್ಕೇ ಕೂರುತ್ತದೆ, ಎದುರಿನ ಕೊಂಬೆ ಬಡಿದರೂ ಅದನ್ನು ಒಳಕ್ಕೇ ತಳ್ಳುತ್ತದೆ, ಬುಡ ಸವಾರನ ಕಣ್ಣೆದುರಿಗೇ ಇರುತ್ತದೆ. ತೊಂದರೆಯೆಂದರೆ ಇಳಿಜಾರಿನಲ್ಲಿ ಅದು ಮುಂದಕ್ಕೆ ಜಾರಬಹುದು. ಹಾಗಾಗಿ ಸಾಕಷ್ಟು ಓರೆಯಾಗಿ ಕಟ್ಟಿ, ಬುಡದ ಮೇಲೆ ಒಂದು ಪಟ್ಟಿ ಅಥವಾ ಮುಚ್ಚಳ ಹಾಕಬೇಕು. ಬುಡವನ್ನು ಹಿಂದಕ್ಕೆ ಮಾಡಿ ಕಟ್ಟುವವರೂ ಇದ್ದಾರೆ. ಕಾಲಿಗೆ ಅದು ಹಿತವಾದರೂ ಏರಿನಲ್ಲಿ ರೈಫಲ್ಲು ಸದ್ದಿಲ್ಲದೆ ಹಿಂದೆ ಜಾರಿಬಿದ್ದರೆ ಸವಾರನಿಗೆ ಗೊತ್ತೇ ಆಗುವುದಿಲ್ಲ.

ಎಡಪಕ್ಕವೋ ಬಲಪಕ್ಕವೋ ಎಂಬುದು ಇಳಿಯುವ ಅಭ್ಯಾಸಕ್ಕೆ ಸೇರಿದ ವಿಷಯ. ಸಾಮಾನ್ಯವಾಗಿ ಎಲ್ಲರೂ ಎಡಪಕ್ಕಕ್ಕೆ ಇಳಿಯುವುದರಿಂದ ರೈಫಲ್ಲು ಅಲ್ಲೇ ಇದ್ದರೆ ನೆಲ ಮುಟ್ಟಿದ ಕೂಡಲೇ ಕೈಗೆ ಬರುತ್ತದೆ. ಬಲಪಕ್ಕದಲ್ಲಿದ್ದರೆ ಗಾಬರಿಯಲ್ಲಿರುವ ಕುದುರೆಯನ್ನು ಸುತ್ತಿ ಹೋಗಬೇಕು. ಆದರೆ ಬಲಪಕ್ಕದಲ್ಲಿದ್ದಾಗ ಹತ್ತುವುದು ಇಳಿಯುವುದು ಸಲೀಸು, ಕಾಲು ಸಿಕ್ಕಿಕೊಳ್ಳುವುದಿಲ್ಲ. ಸವಾರಿ ಹೊಸದಾಗಿರುವವರಿಗೆ ನಾವು ಬಲಪಕ್ಕವನ್ನೇ ಸೂಚಿಸುತ್ತೇವೆ, ಏಕೆಂದರೆ ಎಲ್ಕ್ ತಪ್ಪಿಹೋಗುವುದು ಕಾಲು ಮುರಿಯುವುದಕ್ಕಿಂತ ಮೇಲು.

ಯಾವ ಪಕ್ಕವಾದರೂ ಬೋಲ್ಟಿನ ಹಿಡಿಕೆ ಕುದುರೆಯ ಮೈಗೆ ಒತ್ತದಂತೆ ಇರಬೇಕು, ರೈಫಲ್ಲಿನ ಭಾರ ದುರ್ಬೀನಿನ ಮೇಲೆ ಬೀಳಬಾರದು. ಸವಾರ ಜೀನಿನ ಮೇಲೆ ಕುಳಿತ ಮೇಲೆ ಇನ್ನೊಬ್ಬರು ಪಟ್ಟಿಗಳನ್ನು ಬಿಗಿ ಮಾಡಿಕೊಡುವುದು ಒಳ್ಳೆಯದು. ಹೊರಡುವ ಮುನ್ನ, ಕುದುರೆಯನ್ನು ಯಾರಾದರೂ ಹಿಡಿದುಕೊಂಡಿರುವಾಗ, ಖಾಲಿ ರೈಫಲ್ಲನ್ನು ಹಲವು ಬಾರಿ ಒರೆಯಿಂದ ಎಳೆದು ಮತ್ತೆ ಹಾಕಿ ಕುದುರೆ ಆ ಸದ್ದಿಗೆ ಹೇಗೆ ನಡೆದುಕೊಳ್ಳುತ್ತದೆಂದು ನೋಡಬೇಕು.

ಚೇಂಬರಿನಲ್ಲಿ ತೋಟಾ ಇಟ್ಟುಕೊಂಡು ಸವಾರಿ ಮಾಡಬಹುದೇ?

ಕೂಡದು. ಸೇಫ್ಟಿ ಎಷ್ಟೇ ಉತ್ತಮವಾಗಿದ್ದರೂ ಕೂಡದು. ಮ್ಯಾಗಜಿನ್ನಿನಲ್ಲಿ ತೋಟಾ ಇರಲಿ, ಚೇಂಬರ್ ಖಾಲಿಯಿರಲಿ. ಇದನ್ನು ಒಪ್ಪದವರನ್ನು ತಮ್ಮ ಕುದುರೆ ಹತ್ತಿಸದ ಮಾರ್ಗದರ್ಶಿಗಳಿದ್ದಾರೆ, ಅವರು ಮಾಡುವುದು ಸರಿ.

ಕುದುರೆಯ ಮೇಲೆ ಕುಳಿತೇ ಗುಂಡು ಹಾರಿಸಬಹುದೇ?

ಇಲ್ಲ. ಕುದುರೆ ನೆಗೆಯುತ್ತದೆ, ಗುರಿ ತಪ್ಪುತ್ತದೆ, ಅದರ ಕಿವಿಗೂ ನಿಮ್ಮ ಕಿವಿಗೂ ಪೆಟ್ಟಾಗುತ್ತದೆ. ಇಳಿದು, ಲಗಾಮನ್ನು ಜೊತೆಯವರಿಗೆ ಕೊಟ್ಟು ಅಥವಾ ಕುದುರೆಯನ್ನು ಮರಕ್ಕೆ ಕಟ್ಟಿ, ದೂರ ಸರಿದ ಮೇಲಷ್ಟೇ ಚೇಂಬರಿಗೆ ತೋಟಾ ಏರಿಸಬೇಕು. ಲಗಾಮನ್ನು ತೋಳಿಗೆ ಸುತ್ತಿಕೊಂಡು ಗುರಿ ಹಿಡಿಯುವುದು ತೋಳನ್ನೇ ಪಣಕ್ಕಿಟ್ಟಂತೆ.

ಇದಕ್ಕೆ ಸೇರಿದ ಇನ್ನೊಂದು ನಿಯಮ: ನೀವು ಕುದುರೆಯಿಂದ ಇಳಿದಾಗಲೆಲ್ಲ ರೈಫಲ್ಲೂ ಇಳಿಯಬೇಕು. ಊಟಕ್ಕೆ ನಿಂತಾಗ ಒರೆಯಲ್ಲೇ ಬಿಟ್ಟ ರೈಫಲ್ಲಿನ ಮೇಲೆ ಕುದುರೆ ಹೊರಳಾಡಿ ಹಿಡಿ ಮುರಿಯುವುದು, ಮರಕ್ಕೆ ಮೈ ತಿಕ್ಕಿ ದುರ್ಬೀನು ಕೆಡುವುದು, ಹಗ್ಗ ಕಿತ್ತುಕೊಂಡು ರೈಫಲ್ ಸಮೇತ ಪೇರಿ ಕೀಳುವುದು ಆ ಕಡೆ ಹೊಸ ಸುದ್ದಿಯಲ್ಲ.

ಒರೆಯ ತಾಪತ್ರಯವೇ ಬೇಡ, ಬೆನ್ನಿಗೆ ನೇತುಹಾಕಿಕೊಂಡರೆ?

ಕುದುರೆಯಿಂದ ಬಿದ್ದಾಗ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಒಂದು ಉಕ್ಕಿನ ಕೊಳವೆ ಇರುತ್ತದೆ ಎಂಬುದನ್ನು ಯೋಚಿಸಿದರೆ ಉತ್ತರ ಸಿಗುತ್ತದೆ. ಮೇಲಕ್ಕೆ ಚಾಚಿದ ನಳಿಗೆ ಕೊಂಬೆಗೆ ಸಿಕ್ಕಿ ಸವಾರನನ್ನೇ ಹಿಂದಕ್ಕೆಳೆಯುವ ಭಯವೂ ಇದೆ. ಭುಜದ ಪಟ್ಟಿ ನಡೆಯುವಾಗ ಬೇಕೇ ಬೇಕು. ಆದರೆ ಒರೆಯೊಳಗೆ ಅದು ಗೋಜಲಾಗುವುದರಿಂದ ಸುಲಭವಾಗಿ ಕಳಚುವ ಕೊಂಡಿಯದನ್ನು ಆರಿಸಿ, ಸವಾರಿಯ ಹೊತ್ತಿಗೆ ಜೇಬಿನಲ್ಲಿಡಬೇಕು.

ಎಂಥ ದುರ್ಬೀನು ಕೂರಿಸಬೇಕು?

ಚಿಕ್ಕದು, ತಗ್ಗಾಗಿ ಕೂರುವುದು. 2ರಿಂದ 7 ಅಥವಾ 3ರಿಂದ 9 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 40 ಮಿಲಿಮೀಟರ್ ಮೀರದ ಸ್ಕೋಪ್ ಸಾಕು. 50 ಮಿಲಿಮೀಟರಿನ ಗಾಜು ಬಹಳಷ್ಟು ಒರೆಗಳಲ್ಲಿ ಹಿಡಿಸುವುದೇ ಇಲ್ಲ, ಅದಕ್ಕಾಗಿ ಎತ್ತರದ ಉಂಗುರಗಳಲ್ಲಿ ಕೂರಿಸಿದರೆ ಎಲ್ಲದಕ್ಕೂ ಮೊದಲು ಪೆಟ್ಟು ತಿನ್ನುವುದು ಅದೇ. ಬಹುದೂರದ ಗುರಿಗಾರರು ಇಷ್ಟಪಡುವ, ಗುರಿ ಸರಿಹೊಂದಿಸಲು ಬೆರಳಿನಲ್ಲಿ ತಿರುಗಿಸುವ ತೆರೆದ ಗುಂಡಿಗಳು ಒರೆಯಲ್ಲಿ ತಾವಾಗಿಯೇ ತಿರುಗಿಕೊಳ್ಳುತ್ತವೆ. ಮುಚ್ಚಳವಿರುವ ಗುಂಡಿಗಳೇ ಬೇಕು. ಒರೆ ಕೊಳ್ಳಲು ಹೋಗುವಾಗ ದುರ್ಬೀನು ಕೂರಿಸಿದ ರೈಫಲ್ಲನ್ನೇ ಜೊತೆಗೆ ಒಯ್ಯಬೇಕು. ಬಿಡಾರ ತಲುಪಿದ ಮೇಲೆ ಮಾರ್ಗದರ್ಶಿಯ ಅನುಮತಿ ಪಡೆದು ಒಂದೆರಡು ಗುಂಡು ಹಾರಿಸಿ ಗುರಿ ಕದಲಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಒದೆತ ತಗ್ಗಿಸಲು ನಳಿಗೆಯ ತುದಿಗೆ ಮಜಲ್ ಬ್ರೇಕ್ ಹಾಕಿಸಬಹುದೇ?

ಕುದುರೆಗಳ ಬಳಿಗೆ ಅದನ್ನು ಒಯ್ಯದಿರುವುದೇ ಲೇಸು. ಅದು ಸ್ಫೋಟದ ಸದ್ದನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುವುದರಿಂದ ಪಕ್ಕದಲ್ಲಿರುವ ಮಾರ್ಗದರ್ಶಿಯ ಕಿವಿಗೂ ಕಟ್ಟಿಹಾಕಿದ ಕುದುರೆಗಳಿಗೂ ಸಹಿಸಲಾಗದು. ಬ್ರೇಕ್ ಇಲ್ಲದೆ ಹೊಡೆಯಲಾಗದ ರೈಫಲ್ಲಾದರೆ ಅಳತೆಯನ್ನೇ ಒಂದು ಮೆಟ್ಟಿಲು ಇಳಿಸಬೇಕು.

ಮಳೆ, ಹಿಮದಲ್ಲಿ ರೈಫಲ್ಲನ್ನು ಕಾಪಾಡುವುದು ಹೇಗೆ?

ಸ್ಟೇನ್‌ಲೆಸ್ ನಳಿಗೆ ಮತ್ತು ಸಿಂಥೆಟಿಕ್ ಹಿಡಿ ಇಲ್ಲಿ ನಿಜಕ್ಕೂ ಉಪಯುಕ್ತ. ಮರದ ಹಿಡಿ ಒರೆಯಲ್ಲಿ ಗೀರು ಬೀಳುವುದಷ್ಟೇ ಅಲ್ಲ, ತೇವ ಹೀರಿ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿಯೇ ಬದಲಾಗುತ್ತದೆ. ನಳಿಗೆಯ ಬಾಯಿಗೆ ವಿದ್ಯುತ್ ಕೆಲಸದವರು ಬಳಸುವ ತೆಳು ಟೇಪನ್ನು ಒಂದು ಸುತ್ತು ಅಂಟಿಸಿದರೆ ಹಿಮ, ಮಣ್ಣು, ಪೈನ್ ಎಲೆಯ ಸೂಜಿ ಒಳಗೆ ಹೋಗುವುದಿಲ್ಲ. ಗುಂಡು ಹಾರಿಸುವಾಗ ಅದನ್ನು ಕೀಳುವ ಅಗತ್ಯವಿಲ್ಲ.

ಒದ್ದೆ ಚರ್ಮ ತೇವವನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ ರಾತ್ರಿ ಒರೆಯಲ್ಲೇ ಬಿಟ್ಟ ರೈಫಲ್ಲಿಗೆ ಬೆಳಗಾಗುವುದರೊಳಗೆ ತುಕ್ಕು ಹತ್ತಬಹುದು. ಹಾಗೆಂದು ಒಲೆ ಉರಿಯುವ ಡೇರೆಯೊಳಕ್ಕೆ ತಂದರೆ ತಣ್ಣಗಿನ ಲೋಹ ಮತ್ತು ಗಾಜಿನ ಮೇಲೆ ಹನಿ ಕಟ್ಟಿ, ಮತ್ತೆ ಹೊರಗೊಯ್ದಾಗ ಆ ಹನಿ ಹೆಪ್ಪುಗಟ್ಟುತ್ತದೆ. ಖಾಲಿ ಮಾಡಿದ ರೈಫಲ್ಲನ್ನು ಒರೆಸಿ, ಒಲೆಯಿಲ್ಲದ, ನೆನೆಯದ ಜಾಗದಲ್ಲಿ, ಕುದುರೆಗಳಿಂದ ದೂರ ಇಡುವುದು ಸರಿಯಾದ ಕ್ರಮ. ಬೋಲ್ಟಿನೊಳಗಿನ ಗಟ್ಟಿ ಎಣ್ಣೆಯನ್ನು ಪ್ರವಾಸಕ್ಕೆ ಮೊದಲೇ ತೆಗೆದುಹಾಕಬೇಕು. ಕೊರೆಯುವ ಚಳಿಯಲ್ಲಿ ಅದು ಅಂಟಾಗಿ, ತೋಟಾವನ್ನು ಸಿಡಿಸುವ ಸಿಡಿಮೊಳೆಯ ಬಡಿತವನ್ನೇ ನಿಧಾನಗೊಳಿಸುತ್ತದೆ.

ಎಷ್ಟು ದೂರಕ್ಕೆ ಅಭ್ಯಾಸ ಮಾಡಬೇಕು?

.30-06ರ 180 ಗ್ರೇನ್ ಗುಂಡನ್ನು 200 ಗಜಕ್ಕೆ ಸರಿಹೊಂದಿಸಿದರೆ 300 ಗಜದಲ್ಲಿ, ಅಂದರೆ ಸುಮಾರು 275 ಮೀಟರಿನಲ್ಲಿ, ಅದು 20ರಿಂದ 23 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಎಲ್ಕಿನ ಹೃದಯ ಮತ್ತು ಶ್ವಾಸಕೋಶದ ಭಾಗ ಒಂದಡಿಗಿಂತ ತುಸು ದೊಡ್ಡದಾದ್ದರಿಂದ ಅಷ್ಟು ದೂರದ ತನಕ ಹೆಚ್ಚಿನ ಲೆಕ್ಕಾಚಾರ ಬೇಡ. ಅದರಾಚೆಗಿನದು ಹೊಸಬರ ಕೆಲಸವಲ್ಲ. ಬಾಬ್ ಮಾರ್ಷಲ್ ಕಾಡಿನ ಕೆಲವು ವಲಯಗಳಲ್ಲಿ ರೈಫಲ್ ಋತು ಸೆಪ್ಟೆಂಬರ್ 15ಕ್ಕೇ ಆರಂಭವಾಗುತ್ತದೆ. ಅದು ಗಂಡು ಎಲ್ಕುಗಳು ಕೂಗುತ್ತಾ ಬೆದೆಯಲ್ಲಿರುವ ಸಮಯವಾದ್ದರಿಂದ ಅವುಗಳನ್ನು ಕೂಗಿ ಹತ್ತಿರಕ್ಕೆ ಕರೆಯಬಹುದು. ಅಕ್ಟೋಬರ್, ನವೆಂಬರ್ ತಿಂಗಳ ಬೇಟೆಯಲ್ಲಿ ದೂರ ಹೆಚ್ಚುತ್ತದೆ.

ಮೇಜಿನ ಮೇಲಿಟ್ಟು ಹೊಡೆಯುವ ಅಭ್ಯಾಸ ಗುರಿ ಸರಿಹೊಂದಿಸಲು ಮಾತ್ರ. ಮಂಡಿಯೂರಿ, ಕುಳಿತು, ಊರುಗೋಲಿಗೆ ಆನಿಸಿ ಹೊಡೆಯುವುದನ್ನು ಕಲಿಯಬೇಕು. ದಿನವಿಡೀ ಜೀನಿನ ಮೇಲೆ ಕುಳಿತು ಇಳಿದವನ ಮೊಣಕಾಲು ನಡುಗುತ್ತಿರುತ್ತದೆ, ಬಿಡಾರ ಮೂರು ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿದ್ದರೆ ಉಸಿರೂ ಹಿಡಿತದಲ್ಲಿರುವುದಿಲ್ಲ. ಸ್ವಲ್ಪ ಓಡಿ ಬಂದು ಏದುಸಿರಿನಲ್ಲಿರುವಾಗಲೇ ಗುರಿಯಿಟ್ಟು ಅಭ್ಯಾಸ ಮಾಡುವುದಕ್ಕೆ ಇದೇ ಕಾರಣ.

ಕೊಡಗಿನಲ್ಲಿ, ಮಲೆನಾಡಿನಲ್ಲಿ ಕೋವಿ ಹಿಡಿದು ಬೆಳೆದವರಿಗೆ ಇದು ಸುಲಭವೇ?

ಒಂದು ರೀತಿಯಲ್ಲಿ ಹೌದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ವಿನಾಯಿತಿ ಇರುವುದರಿಂದ, ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಗಳಿರುವುದರಿಂದ, ಆಯುಧದ ಬಗೆಗಿನ ಎಚ್ಚರ ಅಲ್ಲಿನವರಿಗೆ ಚಿಕ್ಕಂದಿನಿಂದಲೇ ಬಂದಿರುತ್ತದೆ. ಆದರೆ ಒಂಟಿನಳಿಗೆ, ಜೋಡಿನಳಿಗೆ ಕೋವಿಯಲ್ಲಿ ಚರೆ ಹಾರಿಸಿದ ಕೈಗೆ ಟ್ರಿಗರನ್ನು ಬಡಿದಂತೆ ಎಳೆಯುವ ರೂಢಿಯಿರುತ್ತದೆ. ರೈಫಲ್ಲಿನಲ್ಲಿ ಅದನ್ನು ಮೆಲ್ಲಗೆ ಒತ್ತಬೇಕು. ಆ ರೂಢಿ ಬಿಡಿಸಲು ಸಣ್ಣ .22 ರೈಫಲ್ಲಿನಲ್ಲಿ ಕೆಲವು ವಾರ ಕಳೆಯುವುದು ಉತ್ತಮ.

ಎಚ್-1ಬಿ ವೀಸಾದಲ್ಲಿರುವವರು ರೈಫಲ್ ಇಟ್ಟುಕೊಳ್ಳಬಹುದೇ?

ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿರುವವರು ಸಾಮಾನ್ಯವಾಗಿ ಬಂದೂಕು ಅಥವಾ ತೋಟಾ ಹೊಂದುವಂತಿಲ್ಲ. ಎಚ್-1ಬಿ, ಎಚ್-4, ವಿದ್ಯಾರ್ಥಿಗಳ ಎಫ್-1 ಎಲ್ಲವೂ ಇದರೊಳಗೆ ಬರುತ್ತವೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಹೊಂದಿರುವವರಿಗೆ ಇದರಿಂದ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಮಾರ್ಗದರ್ಶಿಯ ರೈಫಲ್ಲನ್ನು ಎರವಲು ಪಡೆದು ಕೈಯಲ್ಲಿ ಹಿಡಿಯುವುದೂ ಹೊಂದಿರುವುದೆಂದೇ ಲೆಕ್ಕವಾಗುವುದರಿಂದ ಪರವಾನಗಿ ಕೈಗೆ ಬರುವ ಮೊದಲು ಅಭ್ಯಾಸಕ್ಕೂ ಮುಟ್ಟಬಾರದು. ಪರವಾನಗಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರವೂ ಬೇಕಾಗುತ್ತದೆ: ಕೊಲೊರಾಡೊದಲ್ಲಿ 1949ರ ಜನವರಿ 1 ಅಥವಾ ಅದರ ನಂತರ, ವಯೋಮಿಂಗಿನಲ್ಲಿ 1966ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆಲ್ಲ ಇದು ಅನ್ವಯ. ವಾಸವಿರುವ ರಾಜ್ಯದ ಕಾನೂನು ಇನ್ನೂ ಬಿಗಿಯಾಗಿರಬಹುದು. ವೀಸಾದ ಭವಿಷ್ಯವೇ ಇದರಲ್ಲಿ ಅಡಗಿರುವುದರಿಂದ ವಕೀಲರೊಬ್ಬರ ಸಲಹೆಗೆ ಕೊಡುವ ಹಣ ದಂಡವಲ್ಲ.

ಹಾಗಾದರೆ ಕೊಳ್ಳುವುದಕ್ಕಿಂತ ಎರವಲು ಪಡೆಯುವುದು ಮೇಲಲ್ಲವೇ?

ಒಂದೇ ಪ್ರವಾಸಕ್ಕಾದರೆ ಇದು ಒಳ್ಳೆಯ ಯೋಚನೆ. ಬಾಡಿಗೆಗೆ ಅಥವಾ ಎರವಲಾಗಿ ರೈಫಲ್ ಕೊಡುವ ಮಾರ್ಗದರ್ಶಿಗಳಿದ್ದಾರೆ. ಅದು ಅವರ ಒರೆಗೂ ಅವರ ಕುದುರೆಗೂ ಆಗಲೇ ಹೊಂದಿಕೊಂಡಿರುತ್ತದೆ, ವಿಮಾನದ ರಗಳೆಯೂ ತಪ್ಪುತ್ತದೆ. ಆದರೆ ಹಿಡಿಯ ಉದ್ದ ನಿಮ್ಮ ತೋಳಿಗೆ ಸರಿಯೇ, ಟ್ರಿಗರ್ ಹೇಗಿದೆ ಎಂಬುದನ್ನು ತಿಳಿಯಲು ಒಂದು ದಿನ ಮೊದಲೇ ಹೋಗಿ ಸಾಕಷ್ಟು ಗುಂಡು ಹಾರಿಸಿ ನೋಡಬೇಕು. ಎಡಗೈಯವರಾದರೆ ಮೊದಲೇ ತಿಳಿಸಬೇಕು. ಅಂಥವರಿಗೆ ಲಿವರ್ ರೈಫಲ್ಲು ಯಾವ ಕೈಗೂ ಒಗ್ಗುತ್ತದೆ ಎಂಬ ಅನುಕೂಲವೂ ಇದೆ.

ಸ್ವಂತ ರೈಫಲ್ಲನ್ನು ವಿಮಾನದಲ್ಲಿ ಒಯ್ಯುವುದು ಹೇಗೆ?

ಅಮೆರಿಕದೊಳಗಿನ ವಿಮಾನಗಳಲ್ಲಿ ಖಾಲಿ ಮಾಡಿದ ರೈಫಲ್ಲನ್ನು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಘೋಷಿಸಿ, ಸರಕಿನ ಭಾಗಕ್ಕೆ ಒಪ್ಪಿಸಬೇಕು. ತೋಟಾಗಳು ಅವುಗಳ ಮೂಲ ಡಬ್ಬಿಯಲ್ಲಿ ಅಥವಾ ಅದಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿರಬೇಕು, ಎಷ್ಟು ತೂಕದ ತನಕ ಒಯ್ಯಬಹುದೆಂಬುದನ್ನು ಆಯಾ ಸಂಸ್ಥೆಯಿಂದ ತಿಳಿದುಕೊಳ್ಳಬೇಕು. ಬೋಲ್ಟನ್ನು ಕಳಚಿ ಅದೇ ಪೆಟ್ಟಿಗೆಯ ಇನ್ನೊಂದು ಮೂಲೆಯಲ್ಲಿಟ್ಟರೆ ತಪಾಸಣೆ ಮಾಡುವವರಿಗೂ ಸುಲಭ. ಒರೆಯನ್ನು ಮಾತ್ರ ಬೇರೆ ಚೀಲದಲ್ಲಿ ಹಾಕಬೇಕು, ಏಕೆಂದರೆ ಚರ್ಮದ ಒರೆಯೂ ರೈಫಲ್ಲೂ ಒಟ್ಟಿಗೆ ಹಿಡಿಯುವಷ್ಟು ಅಗಲದ ಪೆಟ್ಟಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.